ಎನ್‌ಬಿಎ ಫ್ಲೇಗ್ರಂಟ್ ಫೌಲ್ ನಮ್ಮ ಟೂರ್ನಿಗೆ ತರಬಹುದಾ? ಜೋರಾದ ಫೌಲಿಗೂ ಅಪಾಯದ ಫೌಲಿಗೂ ಗೆರೆ ಎಲ್ಲಿ?

ಗೋಣಿಕೊಪ್ಪ_ಗಾರ್ಡ್ (ಪ್ರಶ್ನೆ)

ಕಾಫಿ ಕೊಯ್ಲು ಮುಗಿದ ಮೇಲೆ ಎಂಟು ಟೀಮಿನ ಬಾಸ್ಕೆಟ್‌ಬಾಲ್ ಟೂರ್ನಿ ಇದೆ. ಸಿಮೆಂಟ್ ಕೋರ್ಟ್, ಇಬ್ಬರು ರೆಫರಿ, ಟೇಬಲ್‌ನಲ್ಲಿ ಮೂವರು. ಟೀಮುಗಳಿಗೆ ಮೊದಲೇ ಕೊಡಲು ನಿಯಮದ ಒಂದು ಹಾಳೆ ತಯಾರಾಗುತ್ತಿದೆ. ತಕರಾರು ಇರುವುದು ಒಂದೇ ಕಡೆ. ಹಾರಿದವನನ್ನು ಹೊಡೆದು ಬೀಳಿಸುವ ಫೌಲಿಗೆ ಏನು ಶಿಕ್ಷೆ?

ಹುಡುಗರೆಲ್ಲ ಎನ್‌ಬಿಎ (ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್) ನೋಡುವವರು. ಅಲ್ಲಿ ಒರಟು ಫೌಲಿಗೆ ಇರುವ ಹೆಸರು ಫ್ಲೇಗ್ರಂಟ್. ‘ಫ್ಲೇಗ್ರಂಟ್ 1’, ‘ಫ್ಲೇಗ್ರಂಟ್ 2’ ಹಾಕಿ ಅನ್ನುತ್ತಾರೆ. ಹಿರಿಯರು ಹಾಕಿ ಆಟ ನೋಡಿ ಬೆಳೆದವರು, ಹಾಕಿಯ ಹಾಗೆ ಹಸಿರು ಕಾರ್ಡಿಗೆ 2 ನಿಮಿಷ, ಹಳದಿಗೆ 5 ನಿಮಿಷ ಹೊರಗೆ ಕೂರಿಸಿ ಅನ್ನುತ್ತಾರೆ. ನಿಯಮ ಸರಿಯಾಗಿ ಓದಿದವರು ಇದಕ್ಕೆ ಉತ್ತರ ಕೊಡಿ:

ಫ್ಲೇಗ್ರಂಟ್ 1 ಮತ್ತು 2 ನಿಜವಾಗಿ ಎಲ್ಲಿ ಬೇರೆಯಾಗುತ್ತವೆ? ಅದು ಇಲ್ಲಿಗೆ ಅನ್ವಯಿಸುತ್ತದಾ? ನಮ್ಮಲ್ಲಿ ವಿಡಿಯೋ ಇಲ್ಲ, ಒಂದೇ ಸಲ ಕಣ್ಣಿಗೆ ಬಿದ್ದದ್ದರ ಮೇಲೆ ರೆಫರಿ ಹೇಗೆ ತೀರ್ಮಾನ ಮಾಡಬೇಕು?

ಮಂಜಿನ_ಮಡಿಕೇರಿ

ಎನ್‌ಬಿಎ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಅಲ್ಲಿ ಇಡೀ ನಿಯಮ ಎರಡು ಮಾತಿನ ಮೇಲೆ ನಿಂತಿದೆ. ತಗುಲಿದ್ದು ಅನಗತ್ಯವಾಗಿದ್ದರೆ ಫ್ಲೇಗ್ರಂಟ್ 1. ಅನಗತ್ಯವೂ ಹೌದು, ವಿಪರೀತವೂ ಹೌದು ಅಂದರೆ ಫ್ಲೇಗ್ರಂಟ್ 2. ಎರಡಕ್ಕೂ ಎರಡು ಫ್ರೀ ಥ್ರೋ (ಯಾರೂ ತಡೆಯದೆ ಗೆರೆಯಿಂದ ಹಾಕುವ ಶಾಟ್), ಆಮೇಲೆ ಬಾಲೂ ಅವರಿಗೇ. ಆದರೆ 2 ಬಿದ್ದವನು ಆ ಮ್ಯಾಚಿನಿಂದ ಹೊರಗೆ. ಒಂದೇ ಮ್ಯಾಚಿನಲ್ಲಿ ಎರಡು ಸಲ ಫ್ಲೇಗ್ರಂಟ್ 1 ಬಿದ್ದರೂ ಹೊರಗೆ.

ರೆಫರಿ ಫ್ಲೇಗ್ರಂಟ್ ಎಂದು ಊದಿದರೆ ವಿಡಿಯೋ ನೋಡಿಯೇ ಮುಂದೆ ಹೋಗುವುದು. ಅಲ್ಲಿ ಅವರು ಹುಡುಕುವುದು ಇಷ್ಟು: ಹೊಡೆತ ಎಷ್ಟು ಜೋರು, ಅದು ಬಾಲಿಗೆ ಹೋದ ಆಟವಾ, ಕೈಯನ್ನು ಹಿಂದಕ್ಕೆ ಎಳೆದು ಬೀಸಿದನಾ, ತಗುಲಿದ ಮೇಲೂ ಕೈ ಮುಂದುವರಿಯಿತಾ, ಪೆಟ್ಟಾಗುವ ಸಾಧ್ಯತೆ ಎಷ್ಟಿತ್ತು, ನಿಜವಾಗಿ ಎಷ್ಟು ಪೆಟ್ಟಾಯಿತು, ಅದರಿಂದ ಜಗಳ ಎದ್ದಿತಾ. ಈ ಪಟ್ಟಿಯಲ್ಲಿ ನನ್ನ ಪ್ರಕಾರ ಜೀವಾಳ ಇರುವುದು ಕೈಯ ದಾರಿಯಲ್ಲಿ. ಬಾಲ್ ಬ್ಲಾಕ್ ಮಾಡಲು ಎದ್ದ ಕೈ ಬಾಲ್ ಇದ್ದಲ್ಲಿಗೆ ಹೋಗಿ ನಿಲ್ಲುತ್ತದೆ. ಹೊಡೆಯಲು ಎದ್ದ ಕೈ ಮೊದಲು ಭುಜದ ಹಿಂದೆ ಹೋಗುತ್ತದೆ, ಆಮೇಲೆ ಮುಖವನ್ನೋ ಕುತ್ತಿಗೆಯನ್ನೋ ದಾಟಿ ಸೊಂಟದವರೆಗೂ ಇಳಿಯುತ್ತದೆ. ನಿಧಾನಗತಿಯಲ್ಲಿ ಅಲ್ಲ, ಮಾಮೂಲು ವೇಗದಲ್ಲೇ ಈ ವ್ಯತ್ಯಾಸ ಕಾಣುತ್ತದೆ.

ಮುಷ್ಟಿ ಬೀಸಿದರೆ ಈ ಲೆಕ್ಕ ಯಾವುದೂ ಬೇಡ. ತಗುಲದಿದ್ದರೂ ಹೊರಗೆ.

ಇನ್ನು ಆಟಗಾರನ ಹೆಸರಿಗೆ ಬೀಳುವ ಶಿಕ್ಷೆಯ ಪಾಯಿಂಟ್ ಪದ್ಧತಿ. ಫ್ಲೇಗ್ರಂಟ್ 1ಕ್ಕೆ 1 ಪಾಯಿಂಟ್, 2ಕ್ಕೆ 2. ಲೀಗ್ ಹಂತದಲ್ಲಿ 5 ದಾಟಿದರೆ, ಪ್ಲೇಆಫ್‌ನಲ್ಲಿ 3 ದಾಟಿದರೆ ಮುಂದಿನ ಮ್ಯಾಚಿಗೆ ಅವನಿಗೆ ತಾನಾಗಿಯೇ ನಿಷೇಧ. 2016ರ ಫೈನಲ್‌ನಲ್ಲಿ ಡ್ರೇಮಂಡ್ ಗ್ರೀನ್‌ಗೆ ಆದದ್ದು ಇದೇ. ಹ್ಯೂಸ್ಟನ್ ಮೇಲಿನ ಸರಣಿಯಲ್ಲಿ ಮೈಕಲ್ ಬೀಸ್ಲಿಯನ್ನು ಕೆಡವಿದ್ದಕ್ಕೆ 1. ಒಕ್ಲಹೋಮಾದ ಸ್ಟೀವನ್ ಆಡಮ್ಸ್‌ಗೆ ಕಾಲು ಬೀಸಿದ್ದನ್ನು ಮರುದಿನ ಫ್ಲೇಗ್ರಂಟ್ 2 ಮಾಡಿದ್ದರಿಂದ ಇನ್ನೆರಡು. ಫೈನಲ್‌ನ ನಾಲ್ಕನೇ ಮ್ಯಾಚಿನಲ್ಲಿ ಲೆಬ್ರಾನ್ ಜೇಮ್ಸ್ ಮೇಲೆ ಕೈ ಮಾಡಿದ್ದಕ್ಕೆ ಮ್ಯಾಚ್ ಮುಗಿದ ಮೇಲೆ ಇನ್ನೊಂದು. ಒಟ್ಟು 4. ಆಗ ಗ್ರೀನ್‌ನ ಟೀಮ್ ವಾರಿಯರ್ಸ್ 3-1 ಮುಂದಿತ್ತು. ಐದನೇ ಮ್ಯಾಚಿಗೆ ಗ್ರೀನ್ ಇಲ್ಲ, ಅದು ಸೋತರು, ಮುಂದಿನ ಎರಡೂ ಸೋತರು, ಕಪ್ ಕ್ಲೀವ್‌ಲ್ಯಾಂಡ್‌ಗೆ ಹೋಯಿತು. ಕೊನೆಯದನ್ನು ಒಂದನ್ನೇ ನೋಡಿದರೆ ಅಂಥಾ ದೊಡ್ಡ ಹೊಡೆತವಲ್ಲ. ಹಿಂದಿನ ಮೂರು ಪಾಯಿಂಟ್ ತಲೆ ಮೇಲಿತ್ತು, ಅಷ್ಟೇ.

ಮೊದಲು ಇಷ್ಟು ಬಿಗಿ ಇರಲಿಲ್ಲ. 1984ರ ಫೈನಲ್‌ನ ನಾಲ್ಕನೇ ಮ್ಯಾಚಿನಲ್ಲಿ ಫಾಸ್ಟ್ ಬ್ರೇಕ್‌ನಲ್ಲಿ (ವೇಗದ ಮರುದಾಳಿ) ಲೇಅಪ್‌ಗೆ (ಓಡಿಬಂದು ರಿಂಗ್ ಹತ್ತಿರದಿಂದ ಬಾಲ್ ಹಾಕುವುದು) ಎದ್ದ ಕರ್ಟ್ ರಾಂಬಿಸ್‌ನ ಕುತ್ತಿಗೆಗೆ ಕೆವಿನ್ ಮೆಕ್‌ಹೇಲ್ ತೋಳು ಅಡ್ಡ ಹಾಕಿ ನೆಲಕ್ಕೆ ಹಾಕಿದ. ಮೆಕ್‌ಹೇಲ್‌ನನ್ನು ಹೊರಗೆ ಕಳಿಸಲೂ ಇಲ್ಲ. ಇವತ್ತು ಅದೇ ಫೌಲ್ ಆದರೆ ವಿಡಿಯೋ ನೋಡಲು ಅರ್ಧ ನಿಮಿಷವೂ ಬೇಡ, ಫ್ಲೇಗ್ರಂಟ್ 2.

ಇಲ್ಲಿಗೆ ಅನ್ವಯಿಸುತ್ತದಾ ಎಂಬ ಪ್ರಶ್ನೆಗೆ: ಇಲ್ಲ. ಇಲ್ಲಿ ಆಡುವುದು ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ನಿಯಮ. ಅದನ್ನು ಟೇಬಲ್‌ನಲ್ಲಿ ಕೂರುವವರು ಹೇಳಲಿ.

ಟೇಬಲ್_ಕಡೆಯಿಂದ

ಹೌದು, ಫ್ಲೇಗ್ರಂಟ್ ಅನ್ನುವ ಹೆಸರನ್ನು ಹಾಳೆಯಲ್ಲಿ ಬರೆಯಲೇಬೇಡಿ. ಬರೆದರೆ ಯಾರೋ ಒಬ್ಬರು ಫೋನಿನಲ್ಲಿ ಎನ್‌ಬಿಎ ನಿಯಮ ತೆಗೆದು ಟೇಬಲ್ ಮುಂದೆ ನಿಲ್ಲುತ್ತಾರೆ. ನಮಗೆ ಇರುವುದು ಎರಡು: ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಫೌಲ್ ಮತ್ತು ಡಿಸ್‌ಕ್ವಾಲಿಫೈಯಿಂಗ್ ಫೌಲ್. ಕೋರ್ಟಿನಲ್ಲಿ ಎಲ್ಲರೂ ‘ಯು’ ಮತ್ತು ‘ಡಿ’ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಯು ಯಾವಾಗ? ನಾಲ್ಕು ದಾರಿ ಇವೆ. ಬಾಲಿಗೆ ಹೋಗುವ ನ್ಯಾಯವಾದ ಪ್ರಯತ್ನವೇ ಇಲ್ಲದಿದ್ದರೆ. ಬಾಲಿಗೇ ಹೋದರೂ ಹೊಡೆತ ಮಿತಿ ಮೀರಿದ್ದರೆ. ಎದುರಾಳಿ ಮುಂದಕ್ಕೆ ಓಡುತ್ತಿರುವಾಗ ಆಟ ನಿಲ್ಲಿಸಲೆಂದೇ ಅನಗತ್ಯವಾಗಿ ಹಿಡಿದರೆ. ರಿಂಗ್‌ಗೂ ಬಾಲ್ ಹಿಡಿದವನಿಗೂ ನಡುವೆ ಯಾರೂ ಇಲ್ಲದಾಗ ಹಿಂದಿನಿಂದಲೋ ಪಕ್ಕದಿಂದಲೋ ತಗುಲಿದರೆ. ಕೊನೆಯ ಎರಡು ದಾರಿಗೆ ಒಂದು ಮಿತಿ ಉಂಟು: ಅವನು ಶೂಟಿಂಗ್‌ಗೆ ಕೈ ಎತ್ತಿದ ಮೇಲೆ ಅವು ಅನ್ವಯಿಸುವುದಿಲ್ಲ. ಆಗ ಮೊದಲ ಎರಡರಲ್ಲೇ ನೋಡಬೇಕು. ತುಂಬಾ ರೆಫರಿಗಳು ತಪ್ಪುವುದು ಇಲ್ಲೇ. ಲೇಅಪ್‌ಗೆ ಎದ್ದವನಿಗೆ ಹಿಂದಿನಿಂದ ಸ್ವಲ್ಪ ತಗುಲಿದರೂ ಯು ಕೊಡುತ್ತಾರೆ. ಬಾಲಿಗೆ ಹೋದ ಕೈಯಾದರೆ, ಹೊಡೆತ ಮಿತಿಯಲ್ಲಿದ್ದರೆ, ಅದು ಮಾಮೂಲು ಶೂಟಿಂಗ್ ಫೌಲ್.

ಡಿ ಅಂದರೆ ಕಣ್ಣಿಗೆ ರಾಚುವ ಹಾಗೆ ಕ್ರೀಡಾಮನೋಭಾವ ಬಿಟ್ಟ ಕೃತ್ಯ. ಗುದ್ದುವುದು, ಒದೆಯುವುದು, ಬಿದ್ದವನನ್ನು ತುಳಿಯುವುದು. ಒಂದೇ ಸಲಕ್ಕೆ ಹೊರಗೆ. ಹೊರಗೆ ಅಂದರೆ ಬೆಂಚಿಗೆ ಅಲ್ಲ, ಡ್ರೆಸಿಂಗ್ ರೂಮಿಗೆ ಅಥವಾ ಮೈದಾನ ಬಿಟ್ಟು ಆಚೆಗೆ.

ಶಿಕ್ಷೆ: ಶೂಟ್ ಮಾಡದಿರುವಾಗ ಆದರೆ 2 ಫ್ರೀ ಥ್ರೋ. ಶೂಟ್ ಮಾಡುವಾಗ ಆಗಿ ಬಾಸ್ಕೆಟ್ ಬಿದ್ದರೆ ಬಾಸ್ಕೆಟ್ ಲೆಕ್ಕಕ್ಕೆ, ಜೊತೆಗೆ 1. ಬೀಳದಿದ್ದರೆ 2 ಅಥವಾ 3. ಆಮೇಲೆ ಬಾಲ್ ಅದೇ ಟೀಮಿಗೆ. ಫ್ರೀ ಥ್ರೋ ಹೊತ್ತಿಗೆ ಉಳಿದವರು ಲೈನ್‌ನಲ್ಲಿ ನಿಲ್ಲುವುದಿಲ್ಲ, ಮೂರು ಪಾಯಿಂಟ್ ಗೆರೆಯ ಆಚೆ, ಫ್ರೀ ಥ್ರೋ ಗೆರೆಗಿಂತ ಹಿಂದೆ ನಿಲ್ಲಬೇಕು. ಕೊನೆಯದು ರಿಂಗ್‌ಗೆ ಬಡಿದು ಹೊರಬಂದರೂ ಯಾರೂ ಹಾರುವಂತಿಲ್ಲ.

ಫ್ರೀ ಥ್ರೋ ಆದ ಮೇಲೆ ಬಾಲನ್ನು ಹೊರಗಿನಿಂದ ಒಳಗೆ ಎಸೆಯುವ ಜಾಗ ಸಿಮೆಂಟ್ ಕೋರ್ಟ್‌ಗಳಲ್ಲಿ ಗುರುತೇ ಇರುವುದಿಲ್ಲ. ಟೂರ್ನಿಯ ಬೆಳಿಗ್ಗೆ ಟೇಪ್ ಹಿಡಿದು ಹಾಕಿಬಿಡಿ. ಟೇಬಲ್‌ಗೆ ಎದುರಿನ ಸೈಡ್‌ಲೈನ್‌ನಲ್ಲಿ, ಎಂಡ್‌ಲೈನ್‌ನ ಒಳ ಅಂಚಿನಿಂದ 8.325 ಮೀಟರ್ ಅಳೆದು, ಗೆರೆಯ ಹೊರಕ್ಕೆ 15 ಸೆಂಟಿಮೀಟರ್ ಉದ್ದದ ಗುರುತು. ಎರಡೂ ಅರ್ಧದಲ್ಲಿ ಒಂದೊಂದು. ಬಾಲ್ ಒಳಗೆ ಬಂದ ಮೇಲೆ ಶಾಟ್ ಕ್ಲಾಕ್ (ಶಾಟ್ ಹಾಕಲು ಸಿಗುವ ಸಮಯ) 14 ಸೆಕೆಂಡ್.

ಸ್ಕೋರ್‌ಶೀಟ್‌ನಲ್ಲಿ ಆ ಆಟಗಾರನ ಫೌಲ್ ಚೌಕದಲ್ಲಿ ಯು, ಅದರ ಕೆಳಮೂಲೆಯಲ್ಲಿ ಫ್ರೀ ಥ್ರೋ ಸಂಖ್ಯೆ. ಅದು ಅವನ ಐದು ಫೌಲಿನಲ್ಲೂ ಸೇರುತ್ತದೆ, ಟೀಮ್ ಫೌಲಿನಲ್ಲೂ ಸೇರುತ್ತದೆ. ಟೀಮ್ ಫೌಲ್ ಗುರುತು ಹಾಕಲು ಮರೆಯುವುದು ಟೇಬಲ್‌ನವರ ಮಾಮೂಲು ತಪ್ಪು. ಆ ಗಲಾಟೆಯಲ್ಲಿ ಎಲ್ಲರ ಕಣ್ಣು ಬಿದ್ದವನ ಮೇಲೆ ಇರುತ್ತದೆ.

ಹಾಕಿ ಕಾರ್ಡಿನ ವಿಷಯ: ಅದು ಬಾಸ್ಕೆಟ್‌ಬಾಲ್‌ಗೆ ಹೊಂದುವುದಿಲ್ಲ. ಹಾಕಿಯಲ್ಲಿ ಹಳದಿ ತೋರಿಸಿದರೆ ಟೀಮ್ ಹತ್ತು ಜನರಲ್ಲಿ ಆಡಬೇಕು, ಶಿಕ್ಷೆ ಅದೇ. ಇಲ್ಲಿ ಹೊರಗೆ ಹೋದವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ, ಐವರೇ ಆಡುತ್ತಾರೆ. ಶಿಕ್ಷೆ ಪಾಯಿಂಟ್ ಮತ್ತು ಬಾಲ್ ರೂಪದಲ್ಲಿ. ಎರಡು ಫ್ರೀ ಥ್ರೋ ಬಿದ್ದು, ಮೇಲೆ ಬಂದ ಬಾಲಿನಲ್ಲಿ ಒಂದು ತ್ರೀ ಪಾಯಿಂಟರ್ ಬಿದ್ದರೆ ಒಂದೇ ಫೌಲಿಗೆ 5 ಪಾಯಿಂಟ್ ಹೋದಂತೆ. ಕಡಿಮೆ ಸ್ಕೋರಿನ ಊರ ಮ್ಯಾಚಿನಲ್ಲಿ ಅದು ಸಣ್ಣದಲ್ಲ. ಐವರ ಆಟದಲ್ಲಿ ಒಬ್ಬನನ್ನು 5 ನಿಮಿಷ ಕಡಿಮೆ ಮಾಡಿದರೆ ಮ್ಯಾಚೇ ಮುಗಿದುಹೋಗುತ್ತದೆ.

ಗೋಣಿಕೊಪ್ಪ_ಗಾರ್ಡ್

ಇಬ್ಬರಿಗೂ ಥ್ಯಾಂಕ್ಸ್. ಒಂದು ಸಂಶಯ. ಹಾರಿದವನು ಬೀಳದ ಹಾಗೆ ಎರಡೂ ಕೈಯಿಂದ ತಬ್ಬಿ ಹಿಡಿದು ಫೌಲ್ ಮಾಡುವುದನ್ನು ಎನ್‌ಬಿಎಯಲ್ಲಿ ಒಳ್ಳೆಯ ಫೌಲ್ ಅನ್ನುತ್ತಾರೆ. ಅದಕ್ಕೂ ಇಲ್ಲಿ ಯು ಕೊಡಬೇಕಾ?

ಟೇಬಲ್_ಕಡೆಯಿಂದ

ಕೊಡಬಹುದು, ಸಾಮಾನ್ಯವಾಗಿ ಕೊಡುತ್ತಾರೆ. ತಬ್ಬಿದರೆ ಬಾಲಿಗೆ ಹೋದ ಹಾಗಾಗಲಿಲ್ಲ, ಮೊದಲ ದಾರಿಯಲ್ಲೇ ಸಿಕ್ಕಿಬೀಳುತ್ತಾನೆ. ಎನ್‌ಬಿಎ ಮತ್ತು ಫಿಬಾ ನಡುವೆ ಆಟಗಾರರಿಗೆ ಅತಿ ಹೆಚ್ಚು ಗೊಂದಲ ಆಗುವುದು ಇದರಲ್ಲೇ. ಅಲ್ಲಿ ತಬ್ಬಿ ಹಿಡಿದು ನಿಲ್ಲಿಸಿದರೆ ಹೆಚ್ಚಿನ ಸಲ ಮಾಮೂಲು ಫೌಲ್, ಇಲ್ಲಿ ಬಾಲಿಗೆ ಒಂದು ಕೈಯನ್ನಾದರೂ ಹಾಕಿರಬೇಕು. ಇದನ್ನು ಟೀಮುಗಳಿಗೆ ಮೊದಲೇ ಹೇಳಿ, ಇಲ್ಲವಾದರೆ ಮೊದಲ ಮ್ಯಾಚಿನಲ್ಲೇ ವಾದ ಶುರು.

ಕುಶಾಲನಗರ_ಕೋಚ್

ನಿಯಮ ಎಲ್ಲ ಸರಿ ಬರೆದಿದ್ದಾರೆ. ಆದರೆ ರೆಫರಿ ಹೇಗೆ ನೋಡಬೇಕು ಅನ್ನುವುದು ಉಳಿದಿದೆ, ನನಗೆ ಅದೇ ಮುಖ್ಯ. ಜೋರು ಎಷ್ಟು ಎಂದು ಅಳೆಯಲು ಹೋಗಬೇಡಿ, ಅಳೆಯಲು ಆಗುವುದೂ ಇಲ್ಲ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಹಾರಿದವನಿಗೆ ಕಾಲೂರಲು ಜಾಗ ಬಿಟ್ಟನಾ?

60 ಸೆಂಟಿಮೀಟರ್ ಎತ್ತರಕ್ಕೆ ಹಾರಿದವನು ಮೇಲಿನಿಂದ ನೆಲ ಮುಟ್ಟಲು ಸುಮಾರು 0.35 ಸೆಕೆಂಡ್ ಸಾಕು. ಅಷ್ಟರಲ್ಲಿ ಮೈ ತಿರುಗಿಸಿಕೊಳ್ಳಲು ಆಗುವುದಿಲ್ಲ. ಗಾಳಿಯಲ್ಲಿ ಇರುವ ಮೈಗೆ ಹಿಡಿದು ನಿಲ್ಲಲು ಏನೂ ಇಲ್ಲ, ಎಲ್ಲಿ ತಟ್ಟಿದರೂ ಅದು ಸುತ್ತುತ್ತದೆ. ಎದೆಗೆ, ಮುಖಕ್ಕೆ ಎದುರಿನಿಂದ ಬಿದ್ದರೆ ಕಾಲು ಮುಂದೆ, ತಲೆ ಹಿಂದೆ. ಅಂಗಾಲು ಬದಲು ಬಾಲಮೂಳೆ, ಆಮೇಲೆ ತಲೆಯ ಹಿಂಭಾಗ. ಮೊಣಕಾಲು, ತೊಡೆಗೆ ಭುಜ ಕೊಟ್ಟರೆ ತಲೆಕೆಳಗಾಗಿ ಬೀಳುತ್ತಾನೆ, ಇದು ಎಲ್ಲಕ್ಕಿಂತ ಕೆಟ್ಟದ್ದು. ಹಿಂದಿನಿಂದ ಶೂಟ್ ಮಾಡುವ ತೋಳನ್ನೇ ಹೊಡೆದರೆ ಇನ್ನೊಂದು ಕೈಯನ್ನು ನೆಲಕ್ಕೆ ಊರುತ್ತಾನೆ, ಮಣಿಕಟ್ಟು ಅಥವಾ ಮೊಣಕೈ ಹೋಗುತ್ತದೆ. 2022ರ ಜನವರಿಯಲ್ಲಿ ಗ್ರೇಸನ್ ಅಲೆನ್ ಫೌಲಿನಲ್ಲಿ ಬಿದ್ದ ಅಲೆಕ್ಸ್ ಕರೂಸೋನ ಬಲ ಮಣಿಕಟ್ಟು ಮುರಿಯಿತು. ಅದೇ ವರ್ಷ ಮೇ ತಿಂಗಳಲ್ಲಿ ಡಿಲನ್ ಬ್ರೂಕ್ಸ್ ಹಿಂದಿನಿಂದ ಬೀಸಿದ ಕೈಗೆ ಗ್ಯಾರಿ ಪೇಟನ್ (ಎರಡನೆಯವನು) ಬಿದ್ದು ಎಡ ಮೊಣಕೈ ಮುರಿಯಿತು. ಎರಡಕ್ಕೂ ಫ್ಲೇಗ್ರಂಟ್ 2, ಮೇಲೆ ಒಂದೊಂದು ಮ್ಯಾಚ್ ನಿಷೇಧ. ಇಬ್ಬರೂ ಮರದ ನೆಲದ ಮೇಲೆ ಬಿದ್ದವರು ಅನ್ನುವುದು ನೆನಪಿರಲಿ. ನಮ್ಮದು ಸಿಮೆಂಟ್.

ಇನ್ನೊಂದು ಬಗೆ ಕೈಯೇ ಎತ್ತದೆ ಆಗುವ ಫೌಲ್. ಜಂಪ್ ಶಾಟ್ ಹಾಕಿದವನ ಕಾಲಿನ ಕೆಳಗೆ ಕಾಲಿಡುವುದು. 2017ರ ಮೇ 14ರಂದು ಕವಾಯ್ ಲೆನರ್ಡ್ ಶಾಟ್ ಹಾಕಿ ಇಳಿಯುವಾಗ ಝಾಝಾ ಪಚೂಲಿಯಾನ ಪಾದದ ಮೇಲೆ ಕಾಲಿಟ್ಟು ಹರಡು ತಿರುಚಿತು. ಆಗ ಲೆನರ್ಡ್‌ನ ಟೀಮ್ ಸ್ಪರ್ಸ್ 23 ಪಾಯಿಂಟ್ ಮುಂದಿತ್ತು, ಲೆನರ್ಡ್ ಹೊರಗೆ ಹೋದ ಮೇಲೆ ಎರಡೇ ಪಾಯಿಂಟ್‌ನಲ್ಲಿ ಸೋತಿತು. ಮುಂದಿನ ಸೀಸನ್‌ನಿಂದ ಎನ್‌ಬಿಎ ಇಂಥ ನುಗ್ಗುವಿಕೆಯನ್ನು ವಿಡಿಯೋ ನೋಡಿ ಫ್ಲೇಗ್ರಂಟ್ ಮಾಡಲು ಅವಕಾಶ ಕೊಟ್ಟಿತು. ಫಿಬಾ ನಿಯಮದಲ್ಲೂ ಸ್ಪಷ್ಟ ಇದೆ: ಎದುರಾಳಿ ಹಾರಿದ ಮೇಲೆ ಅವನ ಕೆಳಗೆ ಸರಿದು ತಗುಲಿದರೆ ಸಾಮಾನ್ಯವಾಗಿ ಯು, ಕೆಲವು ಸಲ ಡಿ. ಹಾಗಾಗಿ ಒಬ್ಬ ರೆಫರಿ ಬಾಲಿನ ಹಿಂದೆ ಕಣ್ಣು ಓಡಿಸದೆ ಶೂಟರ್ ಎರಡೂ ಕಾಲೂರುವ ತನಕ ಅವನ ಪಾದವನ್ನೇ ನೋಡಬೇಕು. ಬಾಲ್ ರಿಂಗ್‌ಗೆ ಬಿತ್ತಾ ಎಂದು ನೋಡಲು ಇನ್ನೊಬ್ಬ ಇದ್ದಾನೆ.

ಆಟಗಾರರಿಗೆ ಕಲಿಸುವುದು ಕಷ್ಟವಲ್ಲ. ಶೂಟರ್ ಕಡೆ ಓಡುವಾಗ ಕೊನೆಯ ಮೂರು ಹೆಜ್ಜೆ ಚಿಕ್ಕದಾಗಿ, ಸೊಂಟ ಇಳಿಸಿ, ಒಂದು ಕೈ ಮೇಲೆ. ಅವನ ಪಾದಕ್ಕೆ ಒಂದು ತೋಳಿನಷ್ಟು ದೂರದಲ್ಲೇ ನಿಲ್ಲಬೇಕು. ನಿಲ್ಲಲು ಆಗದಷ್ಟು ವೇಗ ಇದ್ದರೆ ಅವನ ಪಕ್ಕಕ್ಕೆ ದಾಟಿಹೋಗಬೇಕು, ಎದುರಿಗೆ ಅಲ್ಲ. ರಿಂಗ್ ಹತ್ತಿರ ತಡೆಯುವಾಗ ಎರಡೂ ಕಾಲಿನಿಂದ ನೇರ ಮೇಲಕ್ಕೆ ಹಾರಿ, ಎರಡೂ ಕೈ ನೇರ ಮೇಲೆ. ಕೈ ಕೆಳಕ್ಕೆ ಬಡಿಯುವ ಅಭ್ಯಾಸ ಇರುವವರಿಗೆ ಗೋಡೆಗೆ ಬೆನ್ನು ಕೊಟ್ಟು ನಿಂತು ಹಾರಿಸಿ. ಕೈಯನ್ನು ಹಿಂದಕ್ಕೆ ಎಳೆಯಲು ಹೋದರೆ ಗೋಡೆಗೆ ತಾಗುತ್ತದೆ. ದಿನಕ್ಕೆ 10ರಂತೆ ಮೂರು ಸುತ್ತು, ಎರಡು ವಾರದಲ್ಲಿ ಬೀಸುವುದು ಕಡಿಮೆಯಾಗುತ್ತದೆ.

ಸಂಪಾಜೆ_ಘಾಟ್

ಒಂದು ವಿಷಯಕ್ಕೆ ನನ್ನ ಒಪ್ಪಿಗೆ ಇಲ್ಲ. ಎನ್‌ಬಿಎ ಪಟ್ಟಿಯಲ್ಲಿ ‘ನಿಜವಾಗಿ ಎಷ್ಟು ಪೆಟ್ಟಾಯಿತು’ ಅಂತ ಉಂಟಲ್ಲ, ಅದನ್ನು ಇಲ್ಲಿಯ ರೆಫರಿ ತಲೆಯಲ್ಲಿ ಇಟ್ಟುಕೊಳ್ಳಲೇಬಾರದು. ಫಿಬಾದ ನಾಲ್ಕು ದಾರಿಯಲ್ಲಿ ಪೆಟ್ಟಿನ ಮಾತೇ ಇಲ್ಲ. ಒದ್ದೆ ಕೋರ್ಟಿನಲ್ಲಿ ಸಣ್ಣ ತಾಗುವಿಕೆಗೂ ಜಾರಿ ಕೈ ಮುರಿದುಕೊಳ್ಳಬಹುದು, ಗಟ್ಟಿ ಹುಡುಗ ಮೆಕ್‌ಹೇಲ್ ಥರದ ಹೊಡೆತ ತಿಂದರೂ ಎದ್ದು ನಿಲ್ಲಬಹುದು. ರಕ್ತ ನೋಡಿ ಯು ಕೊಟ್ಟರೆ ಬೀಳುವುದನ್ನು ದೊಡ್ಡದು ಮಾಡಿ ತೋರಿಸುವವರಿಗೆ ಲಾಭ. ಎದ್ದು ನಿಂತ ಅಂತ ಕೊಡದಿದ್ದರೆ ಹೊಡೆದವನಿಗೆ ಧೈರ್ಯ.

ಮತ್ತೆ ಕೋರ್ಟಿನದ್ದೇ ಎರಡು ಮಾತು. ನಮ್ಮಲ್ಲಿ ಮಳೆ ನಿಂತು ತಿಂಗಳುಗಟ್ಟಲೆ ಆದರೂ ರಿಂಗ್ ಕೆಳಗೆ ಮರದ ನೆರಳು ಬೀಳುವ ಕಡೆ ಪಾಚಿಯ ಪದರ ಉಳಿದಿರುತ್ತದೆ. ಕಪ್ಪಗೆ ಒಣಗಿದ ಹಾಗೆ ಕಾಣುತ್ತದೆ, ಬೆಳಿಗ್ಗೆಯ ಮಂಜು ಬಿದ್ದರೆ ಎಣ್ಣೆ ಸವರಿದ ಹಾಗೆ. ಟೂರ್ನಿಗೆ ಮೂರು ದಿನ ಮೊದಲು ಬ್ಲೀಚಿಂಗ್ ಪೌಡರ್ ನೀರು ಹಾಕಿ ಗಟ್ಟಿ ಬ್ರಷ್‌ನಲ್ಲಿ ಉಜ್ಜಿ, ಚೆನ್ನಾಗಿ ತೊಳೆದು ಒಣಗಿಸಿ. ಬೆಳಿಗ್ಗೆಯ ಮೊದಲ ಮ್ಯಾಚ್ ಮಂಜು ಆರಿದ ಮೇಲೆಯೇ ಇಡಿ.

ಎರಡನೆಯದು ಕಂಬ. ಸರಿಯಾದ ಕೋರ್ಟಿನಲ್ಲಿ ಬೋರ್ಡಿನ ಕಂಬ ಎಂಡ್‌ಲೈನ್‌ನಿಂದ ಕನಿಷ್ಠ 2 ಮೀಟರ್ ಹಿಂದೆ ಇರಬೇಕು, ನೆಲದಿಂದ 2.15 ಮೀಟರ್ ಎತ್ತರದ ತನಕ ಪ್ಯಾಡ್ ಇರಬೇಕು. ಇಲ್ಲಿ ಹಳೆ ಕೋರ್ಟುಗಳಲ್ಲಿ ಗೆರೆಯಿಂದ ಒಂದು ಹೆಜ್ಜೆಗೇ ಕಬ್ಬಿಣದ ಪೈಪ್. ಲೇಅಪ್ ಹಾಕಿದವನ ಬೆನ್ನಿಗೆ ಗಾಳಿಯಲ್ಲಿ ಒಂದು ತಳ್ಳು ಬಿದ್ದರೆ ಹಣೆ ಹೋಗಿ ಬಡಿಯುವುದು ಅದಕ್ಕೇ. ತೆಂಗಿನ ನಾರಿನ ಹಳೆ ಹಾಸಿಗೆ ಸುತ್ತಿ, ಮೇಲೆ ಟಾರ್ಪಾಲ್, ಮೂರು ಕಡೆ ಹಗ್ಗ. ಗಂಟು ಹಿಂಬದಿಗೆ ಇರಲಿ. ಬುಡದಲ್ಲಿ ಬೋಲ್ಟ್ ಮೇಲೆದ್ದಿದ್ದರೆ ಅದನ್ನೂ ಮುಚ್ಚಿ. ಅಂಥ ಕೋರ್ಟಿನಲ್ಲಿ ಹಿಂದಿನಿಂದ ತಳ್ಳಿದವನಿಗೆ ನಾನಾದರೆ ಎರಡು ಸಲ ಯೋಚಿಸದೆ ಯು ಕೊಡಿ ಅನ್ನುತ್ತೇನೆ.

ಮಂಜಿನ_ಮಡಿಕೇರಿ

ಪೆಟ್ಟಿನ ವಿಷಯದಲ್ಲಿ ನೀವು ಹೇಳುವುದು ಸರಿ ಸರ್, ಒಪ್ಪಿದೆ. ಎನ್‌ಬಿಎಯಲ್ಲಿ ಅದು ಪಟ್ಟಿಯಲ್ಲಿದ್ದರೂ ಹತ್ತು ಕೋನದ ವಿಡಿಯೋ ಅದರ ಜೊತೆಗಿದೆ. ವಿಡಿಯೋ ಇಲ್ಲದ ಕಡೆ ಬಿದ್ದವನ ಕೂಗು ಒಂದೇ ಸಾಕ್ಷಿ ಆಗಿಬಿಡುತ್ತದೆ.

ಆದರೆ ಕೊನೆಯ ವಾಕ್ಯಕ್ಕೆ ಒಂದು ತಿದ್ದುಪಡಿ. ಕಂಬ ಹತ್ತಿರ ಇದೆ ಎಂಬ ಕಾರಣಕ್ಕೆ ಯು ಆಗುವುದಿಲ್ಲ. ಬೆನ್ನಿಗೆ ತಳ್ಳಿದ್ದು ಬಾಲಿಗೆ ಹೋದ ಆಟವಲ್ಲ, ಅದಕ್ಕೆ ಯು. ಕಂಬ ಎರಡು ಮೀಟರ್ ಹಿಂದೆ ಇದ್ದರೂ ಅದು ಯುನೇ.

ಗೋಣಿಕೊಪ್ಪ_ಗಾರ್ಡ್

ಊದಿದ ತಕ್ಷಣ ಇಬ್ಬರು ರೆಫರಿ ಏನು ಮಾಡಬೇಕು ಎಂದು ಯಾರಾದರೂ ಹೇಳಿ. ಬೆಂಚಿನವರು ಒಳಗೆ ನುಗ್ಗುವುದು ಆ ಹೊತ್ತಿನಲ್ಲೇ. ಇನ್ನೊಂದು, ಒಬ್ಬನಿಗೆ ಮೊದಲೇ ಒಂದು ಟೆಕ್ನಿಕಲ್ (ಮೈ ತಗುಲದ, ನಡವಳಿಕೆಯ ಫೌಲ್) ಇದ್ದು ಆಮೇಲೆ ಯು ಬಿದ್ದರೆ ಹೇಗೆ?

ಟೇಬಲ್_ಕಡೆಯಿಂದ

ಊದಿದವನು ಟೇಬಲ್ ಕಡೆ ಓಡಬಾರದು. ಹೊಡೆದವನ ಮತ್ತು ಬಿದ್ದವನ ಟೀಮಿನವರ ನಡುವೆ ನಿಲ್ಲಬೇಕು. ಇನ್ನೊಬ್ಬ ರೆಫರಿ ಬೆಂಚುಗಳ ಕಡೆ ಮುಖ ಮಾಡಿ ನಿಂತು ಕೋಚ್‌ಗಳನ್ನು ತಡೆಯಬೇಕು. ಬಿದ್ದವನನ್ನು ಜೊತೆಯವರು ಕೈ ಹಿಡಿದು ಎಳೆದು ಎಬ್ಬಿಸಲು ಬಿಡಬೇಡಿ. ತಲೆ ಅಥವಾ ಕುತ್ತಿಗೆ ಮೇಲೆ ಬಿದ್ದಿದ್ದರೆ ಅವನು ಇದ್ದ ಹಾಗೇ ಇರಲಿ, ತಲೆ ಅಲುಗಿಸದೆ ಆಂಬುಲೆನ್ಸ್‌ಗೆ ಹೇಳಿ. ಕೈ ಊರಿ ಬಿದ್ದವನಿಗೆ ಹೆಬ್ಬೆರಳ ಬುಡದ ಗುಳಿಯಲ್ಲಿ ಒತ್ತಿದರೆ ನೋವು ಇದ್ದರೆ ಆಟ ಬಿಡಿಸಿ ಎಕ್ಸ್‌ರೇಗೆ ಕಳಿಸಿ. ಅಲ್ಲಿಯ ಸಣ್ಣ ಎಲುಬಿನ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ನೋವು ಹೋಗದಿದ್ದರೆ ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ತೆಗೆಸಬೇಕು.

ಎಲ್ಲರೂ ದೂರ ಸರಿದ ಮೇಲೆ ಇಬ್ಬರು ರೆಫರಿ ಹತ್ತು ಸೆಕೆಂಡ್ ಮಾತಾಡಿಕೊಳ್ಳಲಿ. ಕೈ ಎಲ್ಲಿಂದ ಬಂತು, ಬಾಲ್ ಎಲ್ಲಿತ್ತು, ಕಾಲೂರಲು ಜಾಗ ಇತ್ತಾ, ಇಷ್ಟೇ. ಮಾಮೂಲು ಫೌಲ್ ಎಂದು ಊದಿದ್ದನ್ನು ಯು ಮಾಡಲೂ, ಯು ಅಂದದ್ದನ್ನು ಇಳಿಸಲೂ ಆಗ ಅವಕಾಶ ಇದೆ. ಫ್ರೀ ಥ್ರೋಗೆ ಬಾಲ್ ಕೊಟ್ಟ ಮೇಲೆ ಇಲ್ಲ. ಆಮೇಲೆ ಟೇಬಲ್‌ಗೆ ಸನ್ನೆ: ಯುಗೆ ಎರಡೂ ಕೈ ತಲೆ ಮೇಲೆತ್ತಿ ಒಂದು ಕೈಯ ಮಣಿಕಟ್ಟನ್ನು ಇನ್ನೊಂದರಿಂದ ಹಿಡಿಯುವುದು, ಡಿಗೆ ಎರಡೂ ಮುಷ್ಟಿ ಮೇಲೆ.

ಬಿದ್ದವನು ಆಡಲಾರದೆ ಹೋದರೆ ಅವನ ಬದಲಿಗೆ ಬಂದವನೇ ಫ್ರೀ ಥ್ರೋ ಹಾಕಬೇಕು. ಟೀಮಿನ ಒಳ್ಳೆಯ ಶೂಟರ್‌ನನ್ನು ನಿಲ್ಲಿಸುವಂತಿಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಎರಡು ಯು ಆದರೂ ಹೊರಗೆ, ಎರಡು ಟೆಕ್ನಿಕಲ್ ಆದರೂ ಹೊರಗೆ, ಒಂದು ಟೆಕ್ನಿಕಲ್ ಒಂದು ಯು ಆದರೂ ಹೊರಗೆ. ಯಾವುದು ಮೊದಲು ಎಂಬುದು ಲೆಕ್ಕಕ್ಕಿಲ್ಲ. ಸ್ಕೋರ್‌ಶೀಟ್‌ನಲ್ಲಿ ಮುಂದಿನ ಖಾಲಿ ಚೌಕದಲ್ಲಿ ‘ಜಿಡಿ’ (ಮ್ಯಾಚಿನಿಂದ ಹೊರಗೆ ಎಂಬ ಗುರುತು) ಎಂದು ಬರೆಯಿರಿ. ಅದಕ್ಕೆ ಬೇರೆ ಫ್ರೀ ಥ್ರೋ ಇಲ್ಲ, ಎರಡನೇ ಫೌಲಿನ ಶಿಕ್ಷೆ ಮಾತ್ರ. ಟೆಕ್ನಿಕಲ್ ಮೊದಲ ಕ್ವಾರ್ಟರ್‌ನಲ್ಲೂ ಯು ಕೊನೆಯ ಕ್ವಾರ್ಟರ್‌ನಲ್ಲೂ ಬಿದ್ದರೆ ರೆಫರಿಗೆ ನೆನಪಿರುವುದಿಲ್ಲ. ಸ್ಕೋರರ್ ಕೂಡಲೇ ರೆಫರಿಗೆ ಹೇಳಬೇಕು, ಬಾಲ್ ಮತ್ತೆ ಆಟಕ್ಕೆ ಬರುವ ತನಕ ಕಾಯಬಾರದು.